ಮೆಟ್ಟಿಲ ಮೇಲೆ ನಿಂತ ಮ್ಯಾನೇಜರ್, ವೆಬ್‌ಸೈಟ್ ಹೇಳಿದ ಸುಳ್ಳು

ಟ್ರಾನ್ಸ್‌ಫರ್ ವಿಂಡೋ ಓಪನ್ ಆದ ಕೂಡ್ಲೇ ನಮ್ಮ ಫೋನ್‌ಗಳ ಗತಿ ಏನಾಗತ್ತೆ ಅಂತ ನಿಮಗೆ ಬೇರೆ ಹೇಳ್ಬೇಕಾ? ಅವನು ಬರ್ತಾನಂತೆ, ಇವನು ಹೋಗ್ತಾನಂತೆ, ಮ್ಯಾನೇಜರ್‌ಗೂ ಮಾಲೀಕನಿಗೂ ಮಾತೇ ಇಲ್ವಂತೆ. ಎಲ್ಲಾ "ಅಂತೆ". ಈ ಅಂತೆಕಂತೆಗಳ ಮೇಲೆ ನಾವು ರಾತ್ರಿ ಎರಡು ಗಂಟೆವರೆಗೂ ವಾಟ್ಸಾಪ್ ಗ್ರೂಪ್‌ನಲ್ಲಿ ಜಗಳ ಆಡ್ತೀವಿ.

ಇವತ್ತಿನ ಎಪಿಸೋಡ್ ಒಂದೇ ಕ್ಲಬ್‌ನ ಎರಡು ಘಟನೆಗಳ ಬಗ್ಗೆ. ಕ್ಲಬ್ ನ್ಯೂಕ್ಯಾಸಲ್ ಯುನೈಟೆಡ್. ಎರಡರಲ್ಲೂ ಇರೋ ಮ್ಯಾನೇಜರ್ ಒಬ್ರೇ, ಕೆವಿನ್ ಕೀಗನ್. ಮೊದಲನೆಯದು 1995, ಎರಡನೆಯದು 2008. ಎರಡನೇ ಕಥೆಯಲ್ಲಿ ಒಂದು ವಿಚಿತ್ರ ಇದೆ: ಅಭಿಮಾನಿಗಳ ಗಾಳಿಸುದ್ದಿ ಬಹುಪಾಲು ನಿಜ ಆಯ್ತು, ಕ್ಲಬ್‌ನ ಅಧಿಕೃತ ಹೇಳಿಕೆ ಸುಳ್ಳಾಯ್ತು. ಇದು ನನ್ನ ಅಭಿಪ್ರಾಯ ಅಲ್ಲ. ಆ ಹೇಳಿಕೆ ನಿಜವಲ್ಲ ಅಂತ ಕ್ಲಬ್ಬೇ ಪಂಚಾಯ್ತಿ ಮುಂದೆ ಒಪ್ಪಿಕೊಂಡಿತು.

ಒಂದು ಊರು, ಒಂದು ಕ್ಲಬ್

ನ್ಯೂಕ್ಯಾಸಲ್ ಇಂಗ್ಲೆಂಡಿನ ಈಶಾನ್ಯ ಮೂಲೆಯ ಊರು. ಕಲ್ಲಿದ್ದಲು ಗಣಿ ಮತ್ತು ಹಡಗು ಕಟ್ಟುವ ಕೆಲಸದ ಮೇಲೆ ಬೆಳೆದದ್ದು. ಲಂಡನ್ನಿನ ಹಾಗೆ ಊರಿಗೆ ಹತ್ತು ಕ್ಲಬ್ ಇಲ್ಲ, ಇರೋದು ಒಂದೇ. ಸ್ಟೇಡಿಯಂ ಸೇಂಟ್ ಜೇಮ್ಸ್ ಪಾರ್ಕ್ ಊರ ಮಧ್ಯದಲ್ಲೇ ಇದೆ. ನಮ್ಮಲ್ಲಿ ಊರ ನಡುವೆ ದೇವಸ್ಥಾನ ಇರತ್ತಲ್ಲ, ಹಾಗೆ.

ಕೀಗನ್ ಅವರ ಅಪ್ಪ ಗಣಿ ಕಾರ್ಮಿಕರು. ಕೀಗನ್ ಇಲ್ಲಿ 1982ರಿಂದ 1984ರವರೆಗೆ ಆಡಿದ್ರು. 1992ರ ಫೆಬ್ರವರಿಯಲ್ಲಿ ಮ್ಯಾನೇಜರ್ ಆಗಿ ವಾಪಸ್ ಬಂದಾಗ ತಂಡ ಎರಡನೇ ದರ್ಜೆಯಿಂದ ಮೂರನೇ ದರ್ಜೆಗೆ ಜಾರೋ ಸ್ಥಿತಿಯಲ್ಲಿತ್ತು. 1993ರಲ್ಲಿ ಅದೇ ತಂಡ ಪ್ರೀಮಿಯರ್ ಲೀಗ್‌ಗೆ ಏರಿತು. ಆಗ ಕ್ಲಬ್ ನಡೆಸ್ತಾ ಇದ್ದದ್ದು ಸರ್ ಜಾನ್ ಹಾಲ್, ಅವರೂ ಗಣಿ ಕಾರ್ಮಿಕನ ಮಗ, ಮೆಟ್ರೋಸೆಂಟರ್ ಅನ್ನೋ ದೊಡ್ಡ ಮಾಲ್ ಕಟ್ಟಿಸಿ ದುಡ್ಡು ಮಾಡಿದವರು.

1995: ಮೆಟ್ಟಿಲು

ಆ ತಂಡದ ಹೀರೋ ಆಂಡಿ ಕೋಲ್. 1993ರಲ್ಲಿ ಬ್ರಿಸ್ಟಲ್ ಸಿಟಿಯಿಂದ 17.5 ಲಕ್ಷ ಪೌಂಡ್ ಕೊಟ್ಟು ತಂದಿದ್ರು. 1993–94ರ ಸೀಸನ್‌ನಲ್ಲಿ ಎಲ್ಲಾ ಟೂರ್ನಿ ಸೇರಿ 41 ಗೋಲ್ ಹೊಡೆದ. 1995ರ ಜನವರಿ 10ರಂದು ಅವನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿಬಿಟ್ರು. 60 ಲಕ್ಷ ಪೌಂಡ್ ನಗದು, ಜೊತೆಗೆ 10 ಲಕ್ಷ ಬೆಲೆ ಕಟ್ಟಿದ ಕೀತ್ ಗಿಲೆಸ್ಪಿ ಅನ್ನೋ ಹುಡುಗ. ಒಟ್ಟು 70 ಲಕ್ಷ, ಆಗಿನ ಬ್ರಿಟಿಷ್ ದಾಖಲೆ.

ಆಗ ಟ್ವಿಟರ್ ಇಲ್ಲ, ನೋಟಿಫಿಕೇಷನ್ ಇಲ್ಲ. ಇವತ್ತಿನ ಟ್ರಾನ್ಸ್‌ಫರ್ ವಿಂಡೋ ಪದ್ಧತಿ ಪ್ರೀಮಿಯರ್ ಲೀಗ್‌ಗೆ ಬಂದದ್ದೇ 2002–03ರಲ್ಲಿ. ಹಾಗಾಗಿ ಸೀಸನ್ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ಸುದ್ದಿ ಸಿಡಿಲಿನ ಹಾಗೆ ಬಡೀತು. ಜನ ಏನ್ ಮಾಡಿದ್ರು? ಸೀದಾ ಸ್ಟೇಡಿಯಂ ಹತ್ರ ಹೋದ್ರು. ಸಿಟ್ಟಲ್ಲಿ ಕೂಗಾಡಿದ್ರು.

ಆಗ ಕೀಗನ್ ಹೊರಗೆ ಬಂದ್ರು. ಸ್ಟೇಡಿಯಂ ಮೆಟ್ಟಿಲ ಮೇಲೆ ನಿಂತು, ಟಿವಿ ಕ್ಯಾಮೆರಾ ಮುಂದೆಯೇ, ಸಿಟ್ಟಿಗೆದ್ದ ಅಭಿಮಾನಿಗಳ ಜೊತೆ ವಾದ ಮಾಡಿದ್ರು. ಇದು ನನ್ನ ತೀರ್ಮಾನ, ತಪ್ಪಾದ್ರೆ ತಲೆ ಕೊಡೋದು ನಾನೇ, ನನ್ನನ್ನ ನಂಬಿ ಅನ್ನೋದು ಅವರ ಮಾತಿನ ಸಾರ. ಕೆಲವರು ಒಪ್ಪಿದ್ರು, ಕೆಲವರು ಗೊಣಗುತ್ತಾ ಹೋದ್ರು. ಆದ್ರೆ ತೀರ್ಮಾನ ಯಾರದು ಅನ್ನೋದು ಎಲ್ಲರಿಗೂ ಗೊತ್ತಾಗಿತ್ತು. ಬೈಯೋಕೆ ಒಂದು ಮುಖ ಇತ್ತು.

ಬಂದ ದುಡ್ಡು ತಂಡಕ್ಕೇ ಹೋಯ್ತು. 1995ರ ಬೇಸಿಗೆಯಲ್ಲಿ ಲೆಸ್ ಫರ್ಡಿನಾಂಡ್ ಬಂದ, ಡೇವಿಡ್ ಜಿನೋಲಾ ಬಂದ. 1996ರ ಜನವರಿಯಲ್ಲಿ ನ್ಯೂಕ್ಯಾಸಲ್ ಲೀಗ್‌ನಲ್ಲಿ 12 ಪಾಯಿಂಟ್ ಮುಂದಿತ್ತು. ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಕಪ್ ಎತ್ತಿತು, ಇವರು ಎರಡನೇ ಸ್ಥಾನ. ಅದೇ ಬೇಸಿಗೆಯಲ್ಲಿ ಅಲನ್ ಶಿಯರರ್‌ಗೆ ವಿಶ್ವದಾಖಲೆಯ 1.5 ಕೋಟಿ ಪೌಂಡ್ ಕೊಟ್ರು. 1997ರ ಜನವರಿಯಲ್ಲಿ ಕೀಗನ್ ಹೊರಟ್ರು. ಆಗ ಕ್ಲಬ್ ಷೇರು ಮಾರುಕಟ್ಟೆಗೆ ಹೋಗೋ ತಯಾರಿಯಲ್ಲಿತ್ತು. ಆಟದ ಲೆಕ್ಕ ಮತ್ತು ಷೇರುದಾರರ ಲೆಕ್ಕ ಮೊದಲ ಸಲ ಅಲ್ಲಿ ತಾಗಿದವು.

2008: ಕೊನೆಯ ಮಾತು ಯಾರದು?

ಹತ್ತು ವರ್ಷ ಮುಂದಕ್ಕೆ ಬರೋಣ. 2007ರಲ್ಲಿ ಮೈಕ್ ಆಶ್ಲಿ ಅನ್ನೋ ಕ್ರೀಡಾ ಸಾಮಗ್ರಿ ವ್ಯಾಪಾರಿ, ಸ್ಪೋರ್ಟ್ಸ್ ಡೈರೆಕ್ಟ್ ಅಂಗಡಿಗಳ ಮಾಲೀಕ, ಹಾಲ್ ಕುಟುಂಬದ 41.6% ಷೇರು ಕೊಂಡ್ರು. ನಮ್ಮ ಬಿಕಾಂ ಪಾಠ ನೆನಪಿದ್ಯಾ? ಲಿಸ್ಟೆಡ್ ಕಂಪನಿಯಲ್ಲಿ ಒಂದು ಮಿತಿ ದಾಟಿದ್ರೆ ಉಳಿದ ಷೇರುದಾರರಿಗೂ ಆಫರ್ ಕೊಡಲೇಬೇಕು. ಬ್ರಿಟನ್‌ನಲ್ಲಿ ಆ ಮಿತಿ 30%. ಹಾಗೆ ಇಡೀ ಕ್ಲಬ್ ಸುಮಾರು 13 ಕೋಟಿ ಪೌಂಡ್‌ಗೆ ಅವರ ಕೈಗೆ ಬಂತು, ಮಾರುಕಟ್ಟೆಯಿಂದ ಹೊರಗೂ ಹೋಯ್ತು. ಅಂದ್ರೆ ಇನ್ಮೇಲೆ ಒಬ್ಬನೇ ಮಾಲೀಕ. ಪ್ರಶ್ನೆ ಕೇಳೋಕೆ ಬೇರೆ ಷೇರುದಾರರೂ ಇಲ್ಲ.

ಶುರುವಿನಲ್ಲಿ ಜನಕ್ಕೆ ಆಶ್ಲಿ ಇಷ್ಟ ಆದ್ರು. ತಂಡದ ಜರ್ಸಿ ಹಾಕ್ಕೊಂಡು ಅಭಿಮಾನಿಗಳ ನಡುವೆ ಕೂತು ಮ್ಯಾಚ್ ನೋಡ್ತಿದ್ರು. 2008ರ ಜನವರಿಯಲ್ಲಿ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದು ಕೀಗನ್ ಅವರನ್ನೇ ವಾಪಸ್ ಕರೆದಾಗ ಊರಿಗೆ ಹಬ್ಬ.

ಆದ್ರೆ ಅದೇ ತಿಂಗಳು ಇನ್ನೊಂದು ನೇಮಕ ಆಯ್ತು. ಡೆನಿಸ್ ವೈಸ್ ಎಕ್ಸಿಕ್ಯೂಟಿವ್ ಡೈರೆಕ್ಟರ್ ಆಗಿ ಬಂದ್ರು. ಆಟಗಾರರ ಆಯ್ಕೆಗೆ ಟೋನಿ ಹಿಮೆನೆಸ್ ಅನ್ನೋ ಇನ್ನೊಬ್ಬರು. ಈಗ ಆಟಗಾರನನ್ನು ಕೊಳ್ಳೋ ವಿಷಯದಲ್ಲಿ ಕೊನೆಯ ಮಾತು ಯಾರದು? ಕೀಗನ್ ಅವರದೇ ಅಂತ ಕ್ಲಬ್ ಮತ್ತೆ ಮತ್ತೆ ಹೇಳ್ತು, ತನ್ನ ವೆಬ್‌ಸೈಟ್‌ನಲ್ಲೂ ಹೇಳ್ತು.

ಪಬ್‌ಗಳಲ್ಲಿ ಕೂತ ಜನಕ್ಕೆ ಅನುಮಾನ ಇತ್ತು. ಆಗಸ್ಟ್ ಕೊನೆಯಲ್ಲಿ ಜೇಮ್ಸ್ ಮಿಲ್ನರ್ 1.2 ಕೋಟಿ ಪೌಂಡ್‌ಗೆ ಆಸ್ಟನ್ ವಿಲ್ಲಾಗೆ ಹೋದಾಗ ಅನುಮಾನ ಗಟ್ಟಿಯಾಯ್ತು. ಓವನ್‌ನನ್ನೂ ಮಾರ್ತಾರಂತೆ, ಬಾರ್ಟನ್‌ನನ್ನೂ ಮಾರ್ತಾರಂತೆ, ಕೀಗನ್‌ಗೆ ಕೇಳೋದೇ ಇಲ್ವಂತೆ. ಇನ್ನೊಂದು ಗುಂಪು, ಸುಮ್ನಿರ್ರಪ್ಪ, ಕ್ಲಬ್ಬೇ ಹೇಳಿದೆಯಲ್ಲ ಅಂತ ವಾದ ಮಾಡ್ತಿತ್ತು. ಕಾಗದದ ಮೇಲೆ ನೋಡಿದ್ರೆ ಎರಡನೇ ಗುಂಪಿನದೇ ನ್ಯಾಯ. ಅಧಿಕೃತ ಹೇಳಿಕೆ ಇತ್ತಲ್ಲ!

ಸೆಪ್ಟೆಂಬರ್ 1, ವಿಂಡೋ ಮುಚ್ಚೋ ದಿನ. ಎರಡು ಹೆಸರು ಬಂತು. ಒಬ್ಬ ಸ್ಪೇನಿನ ಸ್ಟ್ರೈಕರ್ ಶಿಸ್ಕೊ, ಬೆಲೆ ಸುಮಾರು 57 ಲಕ್ಷ ಪೌಂಡ್. ಇನ್ನೊಬ್ಬ ಉರುಗ್ವೆಯ ಇಗ್ನಾಸಿಯೊ ಗೊನ್ಸಾಲೆಸ್, ವಲೆನ್ಸಿಯಾದಿಂದ ಲೋನ್ ಮೇಲೆ. ಮರುದಿನದಿಂದಲೇ ಕೀಗನ್ ಹೋದ್ರಂತೆ, ಇಲ್ವಂತೆ ಅನ್ನೋ ಗದ್ದಲ. ಅವರನ್ನು ವಜಾ ಮಾಡಿಲ್ಲ ಅಂತ ಕ್ಲಬ್ ಹೇಳಿಕೆ ಕೊಡ್ತು. ಸೆಪ್ಟೆಂಬರ್ 4ರಂದು ಕೀಗನ್ ರಾಜೀನಾಮೆ ಕೊಟ್ರು. ಮ್ಯಾನೇಜರ್‌ಗೆ ಬೇಡದ ಆಟಗಾರನನ್ನು ಕ್ಲಬ್ ಅವನ ಮೇಲೆ ಹೇರಬಾರದು ಅನ್ನೋದು ಅವರ ನಿಲುವು.

ಸೆಪ್ಟೆಂಬರ್ 13ರಂದು ಹಲ್ ಸಿಟಿ ವಿರುದ್ಧ ಮನೆಯಂಗಳದ ಪಂದ್ಯ. ಸ್ಟೇಡಿಯಂ ಒಳಗೂ ಹೊರಗೂ ಪ್ರತಿಭಟನೆ. ತಂಡ 2–1ರಿಂದ ಸೋತಿತು. ನ್ಯೂಕ್ಯಾಸಲ್‌ನ ಆ ಒಂದು ಗೋಲ್ ಹೊಡೆದದ್ದು ಯಾರು ಗೊತ್ತಾ? ಶಿಸ್ಕೊ! ಲೀಗ್‌ನಲ್ಲಿ ಕ್ಲಬ್‌ಗೆ ಅವನು ಹೊಡೆದ ಒಂದೇ ಗೋಲ್ ಅದು. ಮರುದಿನ ಆಶ್ಲಿ ಕ್ಲಬ್ ಮಾರಾಟಕ್ಕಿದೆ ಅಂದ್ರು.

ಇಲ್ಲಿ ಆಶ್ಲಿ ಪಕ್ಷವನ್ನೂ ಹೇಳ್ಬೇಕು. ಕೊಳ್ಳೋಕೆ ಕೊಟ್ಟದ್ದು ಬಿಟ್ಟು ಇನ್ನೂ 10 ಕೋಟಿ ಪೌಂಡ್‌ಗಿಂತ ಹೆಚ್ಚು ಸುರಿದಿದ್ದೀನಿ, ಸಾಲ ಇಳಿಸೋಕೇ ಅಷ್ಟು ಹೋಯ್ತು ಅನ್ನೋದು ಅವರ ಹೇಳಿಕೆಯಲ್ಲಿತ್ತು. ದುಡ್ಡು ಹಾಕಿದವನು ಖರ್ಚಿನ ಮೇಲೆ ಹಿಡಿತ ಕೇಳೋದು ತಪ್ಪಾ? ಖಂಡಿತ ಅಲ್ಲ. ಕೊನೆಯ ಮಾತು ಡೈರೆಕ್ಟರ್‌ದು ಅಂತ ಮೊದಲೇ ಬಾಯಿಬಿಟ್ಟು ಹೇಳಿದ್ರೆ ಅದೂ ಒಂದು ಪದ್ಧತಿ. ಯುರೋಪಿನ ಎಷ್ಟೋ ಕ್ಲಬ್‌ಗಳು ಹಾಗೇ ನಡೀತವೆ. ಆಗ ಕೀಗನ್ ಒಪ್ಪಿ ಬರ್ತಿದ್ರು, ಇಲ್ಲಾ ಬರ್ತಿರಲಿಲ್ಲ.

ಪಂಚಾಯ್ತಿ ಏನು ಹೇಳಿತು?

ಕೀಗನ್ ಪ್ರೀಮಿಯರ್ ಲೀಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋದ್ರು. ಕೇಳಿದ್ದು ಸುಮಾರು 2.5 ಕೋಟಿ ಪೌಂಡ್. ಕ್ಲಬ್ ಪ್ರತಿದಾವೆ ಹಾಕಿತು, ನೀವೇ ಕರಾರು ಮುರಿದಿದ್ದೀರಿ, 20 ಲಕ್ಷ ನಮಗೆ ಕೊಡಿ ಅಂತ. 2009ರ ಅಕ್ಟೋಬರ್‌ನಲ್ಲಿ ತೀರ್ಪು ಹೊರಬಂತು. ಗೆದ್ದದ್ದು ಕೀಗನ್. ಕರಾರಿನಲ್ಲೇ ಪರಿಹಾರಕ್ಕೆ ಮಿತಿ ಇದ್ದದ್ದರಿಂದ ಸಿಕ್ಕಿದ್ದು 20 ಲಕ್ಷ ಪೌಂಡ್ ಮತ್ತು ಬಡ್ಡಿ.

ಕಾನೂನಿನ ಭಾಷೆಯಲ್ಲಿ ಇದಕ್ಕೆ ಕನ್‌ಸ್ಟ್ರಕ್ಟಿವ್ ಡಿಸ್ಮಿಸಲ್ ಅಂತಾರೆ. ಸರಳವಾಗಿ ಹೇಳ್ಬೇಕಂದ್ರೆ, ನಿಮ್ಮನ್ನ ಕೆಲಸದಿಂದ ತೆಗೆಯಲ್ಲ. ಆದ್ರೆ ಒಪ್ಪಿಕೊಂಡ ಕೆಲಸವನ್ನೇ ಕೈಯಿಂದ ಕಿತ್ಕೊಂಡು, ನೀವೇ ರಾಜೀನಾಮೆ ಬರೆಯೋ ಹಾಗೆ ಮಾಡ್ತಾರೆ. ಆಫೀಸಿನಲ್ಲಿ ಕೆಲಸ ಮಾಡೋ ನಮ್ಮ ಕೇಳುಗರಲ್ಲಿ ಕೆಲವರಿಗೆ ಇದು ಫುಟ್‌ಬಾಲ್ ಕಥೆ ಅಂತ ಅನಿಸಲಿಕ್ಕಿಲ್ಲ.

ತೀರ್ಪಿನಲ್ಲಿ ಬಂದ ವಿವರ ಕೇಳಿ. ಗೊನ್ಸಾಲೆಸ್ ಆಡಿದ್ದನ್ನು ಕೀಗನ್ ನೋಡೇ ಇರಲಿಲ್ಲ. ಯೂಟ್ಯೂಬ್‌ನಲ್ಲಿ ನೋಡಿ ಅಂತ ಅವರಿಗೆ ಹೇಳಲಾಗಿತ್ತು. ನೋಡಿ ಬೇಡ ಅಂದ್ರು. ಆದ್ರೂ ತಂದ್ರು. ಯಾಕೆ? ಅದು "ವ್ಯಾವಹಾರಿಕ" ಒಪ್ಪಂದ, ದಕ್ಷಿಣ ಅಮೆರಿಕದ ಇಬ್ಬರು ಪ್ರಭಾವಿ ಏಜೆಂಟರಿಗೆ ಮಾಡಿಕೊಟ್ಟ ಉಪಕಾರ, ಮುಂದೆ ಅವರು ಒಳ್ಳೇ ಆಟಗಾರರನ್ನು ಕೊಡ್ತಾರೆ ಅನ್ನೋ ಲೆಕ್ಕ. ಆ ಹುಡುಗ ನ್ಯೂಕ್ಯಾಸಲ್ ಪರ ಆಡಿದ್ದು ಎರಡೇ ಸಲ, ಎರಡೂ ಬದಲಿ ಆಟಗಾರನಾಗಿ.

ಅದಕ್ಕಿಂತ ದೊಡ್ಡದು ಇನ್ನೊಂದು. ಕೊನೆಯ ಮಾತು ಕೀಗನ್ ಅವರದೇ ಅಂತ ಸಾರ್ವಜನಿಕವಾಗಿ ಹೇಳಿದ್ದು ನಿಜವಲ್ಲ ಅಂತ ಕ್ಲಬ್ಬೇ ಒಪ್ಪಿಕೊಂಡಿತು. ಯಾಕೆ ಹೇಳಿದ್ರಿ ಅಂದ್ರೆ, ಅದು ಪಬ್ಲಿಕ್ ರಿಲೇಷನ್ಸ್. ನನಗೆ ಈ ಇಡೀ ಕಥೆಯಲ್ಲಿ ಕುತ್ತಿಗೆಗೆ ಸಿಕ್ಕಿಕೊಳ್ಳೋ ಮುಳ್ಳು ಇದೇ. ವೆಬ್‌ಸೈಟ್ ನಂಬಿ ಗೆಳೆಯರ ಜೊತೆ ಜಗಳ ಆಡಿದ ಅಭಿಮಾನಿ ಇದ್ದನಲ್ಲ, ತನ್ನ ಕ್ಲಬ್ ಪರ ನಿಂತವನು? ಮೋಸ ಹೋದವನು ಅವನು.

ತೀರ್ಪು ಬರೋ ಹೊತ್ತಿಗೆ ತಡವಾಗಿತ್ತು. 2009ರ ಮೇ 24ರಂದು ವಿಲ್ಲಾ ಪಾರ್ಕ್‌ನಲ್ಲಿ 1–0 ಸೋತು, ಡೇಮಿಯನ್ ಡಫ್‌ಗೆ ತಗುಲಿದ ಸ್ವಂತ ಗೋಲಿನಿಂದ, 16 ವರ್ಷಗಳ ನಂತರ ನ್ಯೂಕ್ಯಾಸಲ್ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಮೇಲೆ ಬಂತು, ಅದು ಬೇರೆ ಮಾತು. ಆದ್ರೆ ಆಶ್ಲಿ ಮತ್ತು ಊರಿನ ನಡುವೆ ಹೋದ ನಂಬಿಕೆ ವಾಪಸ್ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅವರು 30.5 ಕೋಟಿ ಪೌಂಡ್‌ಗೆ ಕ್ಲಬ್ ಮಾರಿದಾಗ ಜನ ಸ್ಟೇಡಿಯಂ ಹೊರಗೆ ಕುಣಿದ್ರು. ಕೊಂಡವರಲ್ಲಿ 80% ಪಾಲು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯದ್ದು. ಮಾನವ ಹಕ್ಕುಗಳ ಸಂಘಟನೆಗಳು ಎತ್ತಿದ ಪ್ರಶ್ನೆಗಳು ಆ ಕುಣಿತದ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿಸಿದವೋ!

ಹಾಗಾದ್ರೆ ಗಾಳಿಸುದ್ದಿ ನಂಬಬೇಕಾ?

ಇಲ್ಲ, ಅದನ್ನ ಹೇಳ್ತಿಲ್ಲ. ಹತ್ತರಲ್ಲಿ ಎಷ್ಟೋ ಸುದ್ದಿ ಏಜೆಂಟರೇ ಬಿಟ್ಟದ್ದು. ತನ್ನ ಆಟಗಾರನಿಗೆ ಇನ್ನೊಂದು ಕ್ಲಬ್ ಗಾಳ ಹಾಕ್ತಿದೆ ಅಂತ ಸುದ್ದಿ ಹಬ್ಬಿದ್ರೆ ಸಂಬಳ ಏರತ್ತೆ. ಮಾರೋ ಕ್ಲಬ್ ಬಿಟ್ರೆ ಬೆಲೆ ಏರತ್ತೆ. ಮ್ಯಾನೇಜರ್ ಕಡೆಯಿಂದ ಸೋರಿದ್ರೆ ಮಾಲೀಕನ ಮೇಲೆ ಒತ್ತಡ ಬೀಳತ್ತೆ. ಹಾಗಾಗಿ ಸುದ್ದಿ ನೋಡಿದಾಗ ಇದರಿಂದ ಯಾರಿಗೆ ಲಾಭ ಅಂತ ಕೇಳ್ಕೊಳ್ಳಿ. ಅದೇ ಪ್ರಶ್ನೆಯನ್ನ ಕ್ಲಬ್‌ನ ನೀಲಿ ಟಿಕ್ ಇರೋ ಹೇಳಿಕೆಗೂ ಕೇಳಿ. 2008ರಲ್ಲಿ ಅದನ್ನು ಕೇಳಿದವರು ಸರಿಯಾಗೇ ಇದ್ರು.

ಇನ್ನೊಂದು ವಿಷಯ. 1995ರಲ್ಲೂ ಜನಕ್ಕೆ ಸಿಟ್ಟು ಬಂದಿತ್ತು, 2008ರಲ್ಲೂ ಬಂದಿತ್ತು. ಕೋಲ್ ಮಾರಿದ್ದು ಸರಿಯಾ ಅಂತ ಇವತ್ತಿಗೂ ವಾದ ಮಾಡಬಹುದು. ಆದ್ರೆ ಮೊದಲನೇ ಸಲ ತೀರ್ಮಾನ ಮಾಡಿದವರೇ ಬಂದು ಮುಂದೆ ನಿಂತು ಬೈಸಿಕೊಂಡ್ರು, ಆ ತಂಡ ಮುಂದಿನ ವರ್ಷ ಪ್ರಶಸ್ತಿಯ ಹತ್ತಿರ ಹೋಯ್ತು. ಎರಡನೇ ಸಲ ತೀರ್ಮಾನ ಮಾಡಿದವರು ಬೇರೊಬ್ಬರ ಹೆಸರು ಮುಂದೆ ಮಾಡಿ ಹಿಂದೆ ನಿಂತ್ರು.

ನಿಮ್ಮ ಕ್ಲಬ್ ಯಾವುದೇ ಇರಲಿ, ಅಲ್ಲಿ ಕೊನೆಯ ಮಾತು ಯಾರದು ಅಂತ ನಿಮಗೆ ಗೊತ್ತಿದ್ಯಾ? ಗೊತ್ತಿದ್ರೆ ಕಾಮೆಂಟ್‌ನಲ್ಲಿ ಬರೀರಿ, ಹೇಗೆ ಗೊತ್ತಾಯ್ತು ಅನ್ನೋದನ್ನೂ ಬರೀರಿ. ಮುಂದಿನ ವಾರ ಸಿಗೋಣ.