ಎಡೆದೊರೆ ನಾಡಿನ ಉನ್ಮಾದ ಚರಿತೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಹಬ್ಬಿದ ನಮ್ಮ ಎಡೆದೊರೆ ನಾಡು ಸಾಮ್ರಾಜ್ಯಗಳ ಮಹತ್ವಾಕಾಂಕ್ಷೆಗೆ ಪದೇ ಪದೇ ರಣರಂಗವಾದ ನೆಲ. ಮಸ್ಕಿಯ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿ ತನ್ನ ಶಾಸನವನ್ನು ಕೆತ್ತಿಸಿದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡ ಮೇಲೆ, ದೇವಾನಾಂಪ್ರಿಯನೆಂಬ ಬಿರುದಿನ ಹಿಂದೆ ಅಡಗಿದ್ದ ಅಶೋಕನ ಹೆಸರು ಲೋಕಕ್ಕೆ ಶಿಲಾಸಾಕ್ಷ್ಯವಾಗಿ ದೊರೆಯಿತು. ಲಿಂಗಸುಗೂರು ಸೀಮೆಯ ಮುದಗಲ್ ಕೋಟೆಗಾಗಿ ವಿಜಯನಗರವೂ ಬಹಮನಿಯೂ ತಲೆಮಾರುಗಳ ಕಾಲ ಕಾದಾಡಿದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ವಿಜಯನಗರದ ಮಹಾಪತನದಲ್ಲಿ ಆ ವಿಜಯವೂ ವಿಧಿಯ ಪಾಲಾಯಿತು. ಈ ಏಳುಬೀಳುಗಳಿಗೆಲ್ಲ ಶಾಸನಗಳುಂಟು, ಕೈಫಿಯತ್ತುಗಳುಂಟು. ಇದೇ ಮಣ್ಣಿನಲ್ಲಿ, ಯಾರೂ ಆಡದ ಮಾತುಗಳನ್ನು ಕೇಳುತ್ತ, ಹೆತ್ತ ತಾಯಿಯೇ ಅನ್ನಕ್ಕೆ ವಿಷ ಬೆರೆಸಿದಳೆಂದು ತಟ್ಟೆ ಸರಿಸುತ್ತ ಬದುಕಿದವರ ಚರಿತ್ರೆಯನ್ನು ಮಾತ್ರ ಯಾವ ಲಿಪಿಕಾರನೂ ಬರೆಯಲಿಲ್ಲ. ಊರು ಗಾಳಿ ಸೋಂಕಿದೆ ಎಂದಿತು. ಹರಕೆಯಾಯಿತು, ತಾಯಿತವಾಯಿತು, ಗುಡಿ ದರ್ಗಾಗಳ ಹೊಸ್ತಿಲಾಯಿತು. ಕೊನೆಗೆ ಹಿತ್ತಲ ಕಂಬಕ್ಕೆ ಬಿಗಿದ ಸರಪಳಿಯಾಯಿತು.

ಚರಕನ ಕಾಲಕ್ಕೇ ಉನ್ಮಾದವೆಂಬ ವ್ಯಾಧಿಯನ್ನು ವರ್ಗೀಕರಿಸಿದ್ದ ಈ ದೇಶದಲ್ಲಿ ಔಷಧವೇ ಇರಲಿಲ್ಲವೆಂದಲ್ಲ. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆಂದು ವೈದ್ಯಲೋಕಕ್ಕೆ ಸಾರಿದರು. ಆ ಬೇರಿನಿಂದಲೇ 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ರೆಸರ್ಪಿನ್ ತೆಗೆದರು. ಆದರೆ ಅದರ ಪ್ರಭುತ್ವ ಅಲ್ಪಾಯುವಾಯಿತು. ಅದೇ ವರ್ಷ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೋಮಜಿನ್ ಪ್ರಯೋಗಿಸಿದರು. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಶಾಂತಗೊಳಿಸುತ್ತಿದ್ದ ಆ ಔಷಧ, ಇನ್ಸುಲಿನ್ ಚುಚ್ಚಿ ಮೂರ್ಛೆಗೆ ತಳ್ಳುತ್ತಿದ್ದ ಘೋರ ಚಿಕಿತ್ಸೆಯ ಯುಗಕ್ಕೆ ತೆರೆ ಎಳೆಯಿತು. 1958ರಲ್ಲಿ ಬೆಲ್ಜಿಯಂನ ಪಾಲ್ ಜಾನ್ಸೆನ್‌ನ ಪ್ರಯೋಗಾಲಯದಿಂದ ಹ್ಯಾಲೊಪೆರಿಡಾಲ್ ಅವತರಿಸಿತು. ನಮ್ಮ ಸೀಮೆಯಾದರೋ 1948ರವರೆಗೆ ನಿಜಾಮನ ಅಧೀನ, 1956ರ ನವೆಂಬರ್ 1ರಂದಷ್ಟೇ ಮೈಸೂರಿಗೆ ಸೇರಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ ಅದು ನಮಗೆ ಪರರಾಜ್ಯದ ಸುದ್ದಿ.

ಈ ಔಷಧಗಳು ಗೆದ್ದದ್ದಾದರೂ ಏನನ್ನು? ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಗೆ ಡೋಪಮಿನ್ ಮಿದುಳಿನ ಸ್ವತಂತ್ರ ಸಂದೇಶವಾಹಕವೆಂದು ಸ್ಥಾಪಿಸಿದರು. 2000ದಲ್ಲಿ ನೊಬೆಲ್ ಸಂದಿತು. ಇಲ್ಲದ ದನಿಗಳನ್ನು ಕೇಳಿಸುವ ಸ್ಕಿಜೋಫ್ರೇನಿಯಾ ಎಂಬ ಉನ್ಮಾದದಲ್ಲಿ ಮಿದುಳಿನ ಆಳದ ಸ್ಟ್ರಯೇಟಂ ಪ್ರದೇಶದಲ್ಲಿ ಡೋಪಮಿನ್ ಮಿತಿಮೀರಿ ಸ್ರವಿಸುತ್ತದೆ. ಆಗ ಕ್ಷುಲ್ಲಕ ಸಂಗತಿಯೂ ಮಹದರ್ಥದಿಂದ ಉರಿಯುತ್ತದೆ, ಬಸ್‌ನಿಲ್ದಾಣದ ಅಪರಿಚಿತನ ಕೆಮ್ಮೂ ಸಂಚಿನ ಸಂಕೇತವಾಗುತ್ತದೆ. ಔಷಧವು ಡಿ2 ಎಂಬ ಗ್ರಾಹಕದ ಮುಂದೆ ದ್ವಾರಪಾಲಕನಂತೆ ಅಡ್ಡ ನಿಲ್ಲುತ್ತದೆ. ಸುಮಾರು ಶೇ 65ರಷ್ಟು ಗ್ರಾಹಕಗಳನ್ನು ತಡೆದರೆ ದನಿಗಳು ತಗ್ಗತೊಡಗುತ್ತವೆ. ಶೇ 80 ದಾಟಿದರೆ ಚಲನೆಯನ್ನಾಳುವ ಮಾರ್ಗವೂ ಸ್ತಬ್ಧವಾಗುತ್ತದೆ. ಆಗ ಚಹಾದ ಲೋಟ ಹಿಡಿದ ಕೈ ನಡುಗುತ್ತದೆ, ಮುಖ ಮರದಂತೆ ಬಿಗಿಯುತ್ತದೆ, ನಡೆಯುವಾಗ ತೋಳು ಬೀಸುವುದು ನಿಲ್ಲುತ್ತದೆ. ಇದನ್ನು ನೋಡಿ ಗುಳಿಗೆಯಿಂದಲೇ ಮಗ ಕೆಟ್ಟನೆಂದು ಬಿಟ್ಟುಬಿಡುವ ಮನೆಗಳೆಷ್ಟೋ. ಪ್ರಮಾಣ ಇಳಿಸುವ, ಔಷಧ ಬದಲಿಸುವ ದಾರಿ ವೈದ್ಯರಲ್ಲಿದೆಯೆಂದು ಅವರಿಗೆ ಹೇಳಿದವರು ಕಡಿಮೆ. ಡಿ2ವನ್ನು ಸಡಿಲವಾಗಿ ಹಿಡಿದು ಬೇಗ ಬಿಡುವ ಕ್ಲೋಜಪಿನ್ ಎಂಬ ಔಷಧದ ಭಾಗ್ಯ ಇನ್ನೂ ವಿಚಿತ್ರ. ಬಿಳಿ ರಕ್ತಕಣಗಳನ್ನು ಕುಸಿಯುವಂತೆ ಮಾಡಿ 1975ರಲ್ಲಿ ಫಿನ್ಲೆಂಡಿನಲ್ಲಿ ಸಾವುಗಳಿಗೆ ಕಾರಣವಾಗಿ ಪದಚ್ಯುತವಾಯಿತು. ಬೇರಾವುದಕ್ಕೂ ಜಗ್ಗದ ರೋಗಿಗಳಲ್ಲಿ ಗುಣ ತೋರಿದ್ದನ್ನು 1988ರ ಅಧ್ಯಯನ ಸಾಧಿಸಿದ ಮೇಲೆ, ನಿಯತ ರಕ್ತಪರೀಕ್ಷೆಯ ಕಾವಲಿನಲ್ಲಿ ಮರಳಿ ಪಟ್ಟವೇರಿತು. ಹಾಗೆಂದು ಡೋಪಮಿನ್ ಒಂದೇ ಈ ರೋಗದ ಅಧಿಪತಿಯಲ್ಲ. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ವ್ಯವಸ್ಥೆಯ ಏರುಪೇರು, ಅನುವಂಶೀಯತೆ, ಮಿದುಳಿನ ಬೆಳವಣಿಗೆಯ ವ್ಯತ್ಯಯ ಎಲ್ಲವೂ ಪಾಲುದಾರರು. ಇಂದಿನ ಬಹುಪಾಲು ಗುಳಿಗೆಗಳು ದನಿಗಳನ್ನು ಹತ್ತಿಕ್ಕಬಲ್ಲವು; ಬತ್ತಿದ ಉತ್ಸಾಹವನ್ನು, ಮಸುಕಾದ ಏಕಾಗ್ರತೆಯನ್ನು ತಂದುಕೊಡುವಲ್ಲಿ ಅವು ದುರ್ಬಲ.

ವಾಚಕ ಮಹಾಶಯರೇ, ನನ್ನ ಮತದಲ್ಲಿ ಈ ಸೀಮೆಯ ಪಾಲಿನ ನಿಜವಾದ ದಿಗ್ವಿಜಯ ನಡೆದದ್ದು ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿಯಲ್ಲಿ. 1974ರಲ್ಲಿ ಬೆಂಗಳೂರಿನ ಆ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆಯಿತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಗುಳಿಗೆಯನ್ನು ಜ್ವರದ ಗುಳಿಗೆಯ ಪಕ್ಕದಲ್ಲೇ ಇರಿಸಿತು. ಹುಚ್ಚಾಸ್ಪತ್ರೆಯ ಗೋಡೆಯೊಳಗೆ ಸೇರದೆ ಊರಿನಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿದ ಆ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹೂಡಿತು. 1520ರ ಯುದ್ಧಕ್ಕೆ ಕಾವ್ಯಗಳುಂಟು. ಬಳ್ಳಾರಿಯ ಈ ಕಾರ್ಯಕ್ಕೆ ಒಂದು ಶಿಲಾಫಲಕವಾದರೂ ಸಲ್ಲಬೇಕಿತ್ತು. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕಳುಹಿಸುವ ಏರ್ಪಾಡು ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿಡುವುದನ್ನು ನಿಷೇಧಿಸಿತು. ಹರಕೆ ಒಪ್ಪಿಸುವವರು ಒಪ್ಪಿಸಲಿ, ತಾಯಿತ ಕಟ್ಟುವವರು ಕಟ್ಟಲಿ. ಆದರೆ ದನಿಗಳು ನಿಂತವೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ, ನಿಲ್ಲಿಸಿದವರಲ್ಲಿ ಬಹುಪಾಲು ಜನರಿಗೆ ರೋಗ ಮರುಕಳಿಸುತ್ತದೆ.