ಕೆಳಗೆ ಬಿದ್ದವನ ವಿದ್ಯೆ

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯನ್ನು ನಾವು ಸೋಲು ಒಪ್ಪಿಕೊಳ್ಳದವರನ್ನು ಹಂಗಿಸಲು ಬಳಸುತ್ತೇವೆ. ಗಾದೆಯ ಹಿಂದೆ ಗರಡಿಮನೆಯ ಒಂದು ನಿಯಮವಿದೆ. ಬೆನ್ನು ಮಣ್ಣಿಗೆ ತಾಗಿತೆಂದರೆ ಕುಸ್ತಿ ಮುಗಿಯಿತು, ಚಿತ್ ಆದವನು ಸೋತ. ಆಮೇಲೆ ಮೀಸೆಯ ಮಾತು ಬರೀ ಮಾತು. ಆದರೆ ಬೆನ್ನು ನೆಲಕ್ಕೆ ತಾಗಿದ ಮೇಲೆ ನಿಜವಾದ ಆಟ ಶುರುವಾಗುವ ಕುಸ್ತಿಯೊಂದಿದೆ. ಅದು ಬ್ರೆಜಿಲಿಯನ್ ಜಿಯು-ಜಿತ್ಸು. ಅಲ್ಲಿ ಮೇಲೆ ಕೂತವನು ಗೆದ್ದನೆಂದೇನೂ ಇಲ್ಲ. ಕೆಳಗಿದ್ದವನು ಉಸಿರು ಕಟ್ಟಿಯೋ, ಕೀಲು ತಿರುಚಿಸಿಕೊಂಡೋ 'ಸಾಕು' ಎಂದು ಕೈ ತಟ್ಟುವವರೆಗೂ ಲೆಕ್ಕ ಬಾಕಿಯೇ ಇರುತ್ತದೆ. ಹೀಗಾಗಿ ಸೋಲದೆ ಉಳಿಯುವುದೇ ಅಲ್ಲಿ ಒಂದು ವಿದ್ಯೆಯಾಗಿ ಬೆಳೆಯಿತು. ಆ ವಿದ್ಯೆಯ ಹೆಚ್ಚುಗಾರಿಕೆ ಏನು, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅದರ ಚರಿತ್ರೆಯೇ ಹೇಳುತ್ತದೆ.

ಬೇರು ಜಪಾನಿನಲ್ಲಿದೆ. ಜೂಡೊ ಪಟು ಮಿತ್ಸುಯೊ ಮಯೇದಾ ಹಲವು ದೇಶಗಳಲ್ಲಿ ಕಾಳಗ ಮಾಡುತ್ತ 1914ರಲ್ಲಿ ಬ್ರೆಜಿಲ್ ತಲುಪಿದ. ಕೊನೆಗೆ ಅಮೆಜಾನ್ ಸೀಮೆಯ ಬೆಲೆಂ ನಗರದಲ್ಲಿ ನೆಲೆಸಿದ. ಅಲ್ಲಿ ಅವನಿಂದ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಎಂಬ ಹುಡುಗನೂ ಒಬ್ಬ. ಕಾರ್ಲೋಸನ ತಮ್ಮ ಹೆಲಿಯೊ ಹುಟ್ಟಿದ್ದು 1913ರಲ್ಲಿ. ಮನೆಯವರು ಹೇಳಿಕೊಂಡು ಬಂದ ಕಥೆಯ ಪ್ರಕಾರ ಹೆಲಿಯೊ ಬಡಕಲು ಮೈಯವನು, ಅಣ್ಣಂದಿರ ಪಾಠವನ್ನು ಬದಿಯಲ್ಲಿ ಕೂತು ನೋಡಿಯೇ ಕಲಿತವನು. ತನ್ನ ಮೈಗೆ ಒಗ್ಗದ ಪಟ್ಟುಗಳನ್ನು ಬಿಟ್ಟು, ಬಲದ ಬದಲು ಸನ್ನೆಗೋಲಿನ ತತ್ವವನ್ನು ನೆಚ್ಚಿದವನು. ಇದರಲ್ಲಿ ಎಷ್ಟು ನಿಜ, ಎಷ್ಟು ಮೆರುಗು ಎಂದು ಇತಿಹಾಸಕಾರರು ಈಗಲೂ ಕೇಳುತ್ತಿದ್ದಾರೆ. ಅವನ ಆಟದ ಸ್ವಭಾವದ ಬಗ್ಗೆ ಮಾತ್ರ ಅಷ್ಟು ತಕರಾರಿಲ್ಲ. ದೊಡ್ಡ ಮೈಯವನ ಕೆಳಗೆ ಸಿಕ್ಕಿಕೊಳ್ಳಲು ಅವನು ಅಂಜುತ್ತಿರಲಿಲ್ಲ. ಮೊದಲು ಉಳಿದುಕೊಳ್ಳುವುದು, ಎದುರಾಳಿ ದಣಿದು ತಪ್ಪು ಮಾಡಿದಾಗ ಹಿಡಿಯುವುದು ಅವನ ದಾರಿ.

ಈ ಬಗೆಯ ಆಟ ಬ್ರೆಜಿಲ್‌ನಲ್ಲೇ ಹುಟ್ಟಿತೆಂದು ಹೇಳಿದರೆ ತಪ್ಪಾಗುತ್ತದೆ. ಮಯೇದಾ ಬ್ರೆಜಿಲ್‌ಗೆ ಬಂದ ವರ್ಷವೇ ಜಪಾನಿನಲ್ಲಿ ಮೇಲ್ದರ್ಜೆಯ ಶಾಲೆಗಳ ನಡುವೆ 'ಕೋಸೆನ್' ಜೂಡೊ ಪಂದ್ಯಾವಳಿ ಆರಂಭವಾಯಿತು. ಒಂದೊಂದು ತಂಡದಲ್ಲಿ 15 ಹುಡುಗರು. ಗೆದ್ದವನು ಕಣದಲ್ಲೇ ಉಳಿದು ಮುಂದಿನವನನ್ನು ಎದುರಿಸಬೇಕು. ಸಮವಾದರೆ ಇಬ್ಬರೂ ಹೊರಗೆ. ಈ ನಿಯಮ ದುರ್ಬಲರಿಗೆ ಒಂದು ಘನತೆಯ ಕೆಲಸ ಕೊಟ್ಟಿತು. ಎದುರು ತಂಡದ ಹುಲಿಯನ್ನು ಸೋಲಿಸಬೇಕಾಗಿಲ್ಲ, ಅವನ ಕೈಯಲ್ಲಿ ಸೋಲದಿದ್ದರೆ ಸಾಕು, ಅವನು ನಿನ್ನ ಜೊತೆಗೇ ಹೊರಗೆ ಹೋಗುತ್ತಾನೆ. ಅದಕ್ಕೆಂದೇ ಆಮೆಯ ಹಾಗೆ ಮುದುಡಿ ಕೂತು ಸಮ ಮಾಡಿಕೊಳ್ಳುವುದರಲ್ಲಿ ನುರಿತ ಹುಡುಗರನ್ನು ತಂಡಗಳು ತಯಾರು ಮಾಡಿದವು. ಎತ್ತಿ ಒಗೆಯುವ ಪಟ್ಟು ಕೈಗೂಡಲು ವರ್ಷಗಳು ಬೇಕು. ನೆಲದ ಮೇಲಿನ ಆಟ ಬೆವರು ಹರಿಸಿದಷ್ಟು ಬೇಗ ಹತ್ತುತ್ತದೆ. ಕೆಲವೇ ವರ್ಷ ಶಾಲೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಮುಂದೆ ದೊಡ್ಡ ಕಾದಂಬರಿಕಾರನಾದ ಯಾಸುಶಿ ಇನೊವೆ ಕಾನಾಜಾವಾದ ಶಾಲೆಯಲ್ಲಿ ಈ ಜೂಡೊ ಕಲಿತವನು. ಅವನ 'ಕಿತಾ ನೊ ಉಮಿ' ಕಾದಂಬರಿಯಲ್ಲಿ ಆ ಹುಚ್ಚು ಅಭ್ಯಾಸದ ಲೋಕವೇ ಇದೆ. ಕೆಳಗಿದ್ದವನು ಎರಡು ಕಾಲುಗಳಿಂದ ಮೇಲಿನವನ ಕೊರಳು ಮತ್ತು ಒಂದು ತೋಳನ್ನು ಸೇರಿಸಿ ಬಿಗಿಯುವ ತ್ರಿಕೋನ ಪಟ್ಟು ಪಳಗಿದ್ದು ಈ ಹುಡುಗರ ನಡುವೆಯೇ. ಈ ಪಟ್ಟನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

1951ರಲ್ಲಿ ಈ ಎರಡು ಧಾರೆಗಳು ಬ್ರೆಜಿಲ್‌ನಲ್ಲಿ ಎದುರಾದವು. ಜಪಾನಿನಿಂದ ಬಂದ ಜೂಡೊ ಪಟುಗಳಲ್ಲಿ ಕಾಟೊ ಎಂಬವನ ಜೊತೆ ಹೆಲಿಯೊ ಎರಡು ಸಲ ಸೆಣಸಿದ. ಮೊದಲನೆಯದು ಸಮವಾಯಿತು. ಎರಡನೆಯದು ಸಾವೊ ಪಾಲೊದಲ್ಲಿ. ಕೆಳಗಿದ್ದುಕೊಂಡೇ ಹೆಲಿಯೊ ಕಾಟೊನ ಅಂಗಿಯ ಕೊರಳಪಟ್ಟಿ ಹಿಡಿದು ಬಿಗಿದು ಪ್ರಜ್ಞೆ ತಪ್ಪಿಸಿದ. ಮೇಲಿದ್ದವನು ಸೋತಿದ್ದ.

ಆಮೇಲೆ ಬಂದವನು ಮಸಾಹಿಕೊ ಕಿಮುರ. ಜಪಾನ್ ಕಂಡ ಅತಿ ಬಲಿಷ್ಠ ಜೂಡೊ ಪಟುಗಳಲ್ಲಿ ಒಬ್ಬ, ವಿದ್ಯಾರ್ಥಿ ದೆಸೆಯಲ್ಲಿ ಕೋಸೆನ್ ಕಣವನ್ನೂ ಕಂಡವನು. ಅಕ್ಟೋಬರ್ 23ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಪಂದ್ಯ. ಎತ್ತಿ ಒಗೆದರೆ ಗೆಲುವಲ್ಲ, ಎದುರಾಳಿ ಶರಣಾಗಬೇಕು ಅಥವಾ ಪ್ರಜ್ಞೆ ತಪ್ಪಬೇಕು ಎಂಬುದು ಕರಾರು. ಕಿಮುರ ಹೆಲಿಯೊನನ್ನು ಮತ್ತೆ ಮತ್ತೆ ಎತ್ತಿ ಒಗೆದ. ಹೆಲಿಯೊ ಬಿದ್ದ, ಮುದುಡಿದ, ಉಸಿರಾಡಲು ಸಂದು ಮಾಡಿಕೊಂಡ, ಮೊದಲ ಸುತ್ತು ದಾಟಿದ. ಎರಡನೆಯ ಸುತ್ತಿನಲ್ಲಿ ಕಿಮುರ ಅವನ ತೋಳನ್ನು ಹಿಂದಕ್ಕೆ ತಿರುಚಿ ಹಿಡಿದ. ಮೂಳೆ ಮುರಿಯಿತು. ಹೆಲಿಯೊ ಕೈ ತಟ್ಟಲಿಲ್ಲ. ಕಣದ ಬದಿಯಿಂದ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದ.

ಗ್ರೇಸಿ ಮನೆತನ ಈ ಸೋಲನ್ನು ಮುಚ್ಚಿಡಲಿಲ್ಲ. ಅಷ್ಟು ದೊಡ್ಡವನ ಎದುರು ಅಷ್ಟು ಹೊತ್ತು ನಿಂತದ್ದೇ ಗೆಲುವು ಎಂದು ಹೇಳಿಕೊಂಡಿತು. ನಮ್ಮ ಗಾದೆ ನಗುವುದು ಇಂಥ ಕಡೆಯೇ. ಆದರೂ ಪೂರ್ತಿ ನಗಲಾಗದು. ಆ ರಾತ್ರಿ ಎರಡು ಬೇರೆ ಸಂಗತಿಗಳು ನಡೆದಿದ್ದವು. ಕಿಮುರನಂಥವನ ಕೈಯಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಉಳಿದದ್ದು ವಿದ್ಯೆ. ತೋಳು ಮುರಿಯುತ್ತಿರುವಾಗಲೂ ಕೈ ತಟ್ಟದೆ ಇದ್ದದ್ದು ಹಟ. ರಕ್ಷಣೆಯ ಆಟವನ್ನು ಹೊಗಳುವವರು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಬಡಿಸುತ್ತಾರೆ. ಅವನ್ನು ಬೇರೆ ಮಾಡಿ ನೋಡಬೇಕು.

ಗ್ರೇಸಿ ಮನೆಯೊಳಗೇ ಇದಕ್ಕೆ ಇನ್ನೊಂದು ಉತ್ತರ ಹುಟ್ಟಿತು. 1955ರ ಮೇ ತಿಂಗಳಲ್ಲಿ ಹೆಲಿಯೊ ತನ್ನ ಹಳೆಯ ಶಿಷ್ಯ ವಾಲ್ಡೆಮಾರ್ ಸಾಂತಾನನ ಜೊತೆ ಕಾದ. ವಯಸ್ಸು 41. ಮೂರೂವರೆ ತಾಸು ದಾಟಿದ ಆ ಕಾಳಗ ತಲೆಗೆ ಬಿದ್ದ ಒದೆತದಿಂದ ಮುಗಿಯಿತು. ಕಾಯುವ ಆಟ ತನಗಿಂತ ಕಿರಿಯನನ್ನು ದಣಿಸಲಿಲ್ಲ, ಆಡುವವನನ್ನೇ ದಣಿಸಿತ್ತು. ಸೇಡು ತೀರಿಸಲು ಮುಂದೆ ಬಂದವನು ಕಾರ್ಲೋಸನ ಮಗ ಕಾರ್ಲ್ಸನ್. ಮೊದಲು ಸಮ ಮಾಡಿಕೊಂಡು, 1956ರಲ್ಲಿ ಸಾಂತಾನನನ್ನು ಸೋಲಿಸಿದ. ಮುಂದೆ ಅವನು ನಡೆಸಿದ ಅಖಾಡ ಮೇಲಿನಿಂದ ಒತ್ತುವ, ನುಗ್ಗುವ ಆಟಕ್ಕೆ ಹೆಸರಾಯಿತು. ಒಂದೇ ಮನೆತನದಲ್ಲಿ ಚಿಕ್ಕಪ್ಪನದು ತಾಳ್ಮೆಯ ದಾರಿ, ಅಣ್ಣನ ಮಗನದು ಆಕ್ರಮಣದ ದಾರಿ.

ತಾಳ್ಮೆಯ ದಾರಿಗೆ ಜಗತ್ತಿನ ಕಣ್ಣು ಬಿದ್ದದ್ದು ಹೆಲಿಯೊನ ಮಗ ರಾಯ್ಸ್‌ನಿಂದ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ, ಮನೆತನ ಕಣಕ್ಕಿಳಿಸಿದ್ದು ಸಣಕಲಾಗಿ ಕಾಣುವ ಈ ಹುಡುಗನನ್ನು. ಅವನು ಗೆದ್ದ. ಆದರೆ ಈ ಶೈಲಿಯನ್ನು ಅರಿಯಲು ನೋಡಬೇಕಾದದ್ದು 1994ರ ಡಿಸೆಂಬರಿನ ಟಲ್ಸಾ ಪಂದ್ಯ. ಎದುರಾಳಿ ಡ್ಯಾನ್ ಸೆವರ್ನ್, ರಾಯ್ಸ್‌ಗಿಂತ 30 ಕಿಲೊಗೂ ಹೆಚ್ಚು ಭಾರದ ಕುಸ್ತಿಪಟು. ಸುಮಾರು ಹದಿನೈದು ನಿಮಿಷ ರಾಯ್ಸ್ ಹೆಚ್ಚುಕಡಿಮೆ ಕೆಳಗೇ ಇದ್ದ. ನೋಡುವವರಿಗೆ ಅವನು ಸೋಲುತ್ತಿದ್ದಂತೆಯೇ ಕಾಣುತ್ತಿತ್ತು. ಪಂದ್ಯ ಎಳೆದದ್ದರಿಂದ ಟಿವಿ ಪ್ರಸಾರದ ಹೊತ್ತು ಮುಗಿದು, ಹಣ ಕೊಟ್ಟು ನೋಡುತ್ತಿದ್ದ ಅನೇಕರಿಗೆ ಕೊನೆಯೇ ಕಾಣಲಿಲ್ಲ. ಕೊನೆ ಹೀಗಿತ್ತು: ಕೆಳಗಿನಿಂದ ರಾಯ್ಸ್‌ನ ಕಾಲುಗಳು ಮೇಲೆದ್ದು ಸೆವರ್ನ್‌ನ ಕೊರಳು, ತೋಳುಗಳನ್ನು ತ್ರಿಕೋನದಲ್ಲಿ ಬಿಗಿದವು. ಸೆವರ್ನ್ ಕೈ ತಟ್ಟಿದ. ಕೋಸೆನ್ ಹುಡುಗರ ಕೈಯಲ್ಲಿ ಪಳಗಿದ್ದ ಪಟ್ಟು ಅದೇ.

ಮುಂದಿನ ಪಂದ್ಯಾವಳಿಗೆ ಸಂಘಟಕರು ಗಡಿಯಾರ ತಂದರು. 1995ರ ಏಪ್ರಿಲ್‌ನಲ್ಲಿ ರಾಯ್ಸ್ ಮತ್ತು ಕೆನ್ ಶಾಮ್ರಾಕ್ 36 ನಿಮಿಷ ಸೆಣಸಿ ಸಮವಾದರು. 2000ದಲ್ಲಿ ಟೋಕಿಯೊದಲ್ಲಿ ಗ್ರೇಸಿಗಳು ಬೇಡಿಕೆಯಿಟ್ಟು ಕಾಲಮಿತಿಯನ್ನೇ ತೆಗೆಸಿದರು. ಆದರೆ ಕಾಜುಶಿ ಸಕುರಾಬ ಅವರಿಗಿಂತ ಚೆನ್ನಾಗಿ ಕಾದ. 90 ನಿಮಿಷದ ಬಳಿಕ ರಾಯ್ಸ್‌ನ ಕಡೆಯವರೇ ಟವೆಲ್ ಎಸೆದರು. ಜಿಯು-ಜಿತ್ಸುವಿನ ಸ್ವಂತ ಪಂದ್ಯಗಳೂ ಅಷ್ಟರಲ್ಲಿ ಅಂಕದ ಆಟವಾಗಿದ್ದವು: ಕೆಡವಿದರೆ 2, ಕಾಲುಗಳ ಕಾವಲು ದಾಟಿದರೆ 3, ಎದೆಯ ಮೇಲೆ ಕೂತರೆ 4. ಕೆಳಗೆ ಕ್ಷೇಮವಾಗಿ ಉಳಿದವನಿಗೆ ಸೊನ್ನೆ. ಹೆಲಿಯೊಗೆ ಈ ಲೆಕ್ಕ ಹಿಡಿಸಲಿಲ್ಲ.

ಹಾಗಾದರೆ ರಕ್ಷಣೆಯ ಆಟಕ್ಕೆ ಇಂದು ಎಲ್ಲಿ ಜಾಗ? ಅಂಕವೂ ಪ್ರೇಕ್ಷಕರೂ ಇಲ್ಲದ ಕಡೆ, ಅಂದರೆ ದಿನದ ಅಭ್ಯಾಸದಲ್ಲಿ. ಜೊತೆಗಾರರು ಒಬ್ಬರ ಮೇಲೊಬ್ಬರು ಪಟ್ಟು ಪ್ರಯೋಗಿಸುವ ಈ ಅಭ್ಯಾಸದ ಕುಸ್ತಿಗೆ ಜಿಯು-ಜಿತ್ಸುವಿನವರು 'ರೋಲಿಂಗ್' ಎನ್ನುತ್ತಾರೆ. ಹೊಸಬರು ಅಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು, ಕೆಳಗೆ ಸಿಕ್ಕ ಕೂಡಲೇ ಹೆದರಿ ಕೈಚಾಚಿ ಮೇಲಿನವನನ್ನು ತಳ್ಳುವುದು. ಚಾಚಿದ ಕೈಯೇ ಎದುರಾಳಿಗೆ ಸಿಕ್ಕುವ ಕಾಣಿಕೆ. ರಕ್ಷಣೆ ಕಲಿತವನು ಮೊಣಕೈಗಳನ್ನು ಪಕ್ಕೆಗೆ ಅಂಟಿಸುತ್ತಾನೆ, ಗದ್ದ ಇಳಿಸುತ್ತಾನೆ, ಅಂಗೈಗಳಿಂದ ಕೊರಳು ಕಾಯುತ್ತಾನೆ, ಚಪ್ಪಟೆ ಮಲಗದೆ ಪಕ್ಕಕ್ಕೆ ಹೊರಳುತ್ತಾನೆ. ಮೊದಲು ಉಸಿರು, ಆಮೇಲೆ ಸೊಂಟ ಸರಿಸಿ ಒಂದು ಗೇಣು ಜಾಗ, ಆ ಜಾಗದಲ್ಲಿ ಮೊಣಕಾಲು. ಮೇಲಿನವನು ಬಲ ಸುರಿಯುತ್ತಿರುವಾಗ ಇವನು ಅದನ್ನು ಉಳಿಸುತ್ತಿರುತ್ತಾನೆ. ವಿಶ್ವ ಚಾಂಪಿಯನ್ ಸೌಲೊ ರಿಬೇರೊ 2008ರ ತನ್ನ ಪಠ್ಯಪುಸ್ತಕದಲ್ಲಿ ಬಿಳಿ ಪಟ್ಟಿಯವರಿಗೆಂದು ಇಟ್ಟಿರುವ ಪಾಠ ಉಳಿದುಕೊಳ್ಳುವುದು, ನೀಲಿಯವರಿಗೆ ಪಾರಾಗುವುದು. ಶರಣಾಗಿಸುವ ಪಟ್ಟುಗಳು ಬರುವುದು ಕೊನೆಗೆ, ಕಪ್ಪು ಪಟ್ಟಿಗೆ. ಈ ಕ್ರಮದಲ್ಲಿ ಅರ್ಥವಿದೆ. ಕೆಳಗೆ ಬೀಳಲು ಹೆದರದವನು ಮಾತ್ರ ಮೇಲಿದ್ದಾಗ ಧೈರ್ಯವಾಗಿ ಹೊಸ ಪಟ್ಟು ಹಾಕಿ ನೋಡಬಲ್ಲ. ತಪ್ಪಿದರೆ ಏನಾಗುತ್ತದೆಂದು ಅವನಿಗೆ ಗೊತ್ತು, ಅಲ್ಲಿಂದ ಬರುವ ದಾರಿಯೂ ಗೊತ್ತು. ವಯಸ್ಸಾದವರು, ಸಣ್ಣ ಮೈಯವರು ವರ್ಷಗಟ್ಟಲೆ ಅಭ್ಯಾಸದಲ್ಲಿ ಉಳಿಯುವುದೂ ಇದರಿಂದಲೇ.

ಇದಕ್ಕೆ ಎರಡು ಷರತ್ತುಗಳಿವೆ. ಒಂದು, ಕಾಯುವುದು ಬೇರೆ, ಅಡಗುವುದು ಬೇರೆ. ಮುದುಡಿ ಕೂತು ಗಂಟೆ ಬಾರಿಸುವುದನ್ನೇ ಎದುರು ನೋಡುವವನು ಏನನ್ನೂ ಕಲಿಯುವುದಿಲ್ಲ, ಜೊತೆಗಾರನಿಗೂ ಕಲಿಸುವುದಿಲ್ಲ. ಕೋಸೆನ್ ಹುಡುಗನ ಸಮಕ್ಕೆ ಬೆಲೆ ಬಂದದ್ದು ತಂಡದ ಲೆಕ್ಕದಿಂದ, ರೋಲಿಂಗಿನಲ್ಲಿ ಅಂಥ ಲೆಕ್ಕವಿಲ್ಲ. ಇನ್ನೊಂದು, ಕೈ ತಟ್ಟುವುದೂ ರಕ್ಷಣೆಯೇ. ತೋಳು ಉಳಿದರೆ ತಾನೆ ನಾಳೆ ಮತ್ತೆ ಅಭ್ಯಾಸ?

ಹೆಲಿಯೊ 95 ವರ್ಷ ಬಾಳಿ 2009ರಲ್ಲಿ ತೀರಿಕೊಂಡ. ಅವನ ತೋಳು ಮುರಿದ ಪಟ್ಟಿಗೆ ಜಪಾನಿನಲ್ಲಿ ಬೇರೆ ಹೆಸರಿತ್ತು. ಬ್ರೆಜಿಲ್‌ನವರು ಅದನ್ನು ಗೆದ್ದವನ ಹೆಸರಿನಿಂದಲೇ 'ಕಿಮುರ' ಎಂದು ಕರೆದರು. ಇಂದು ಜಿಯು-ಜಿತ್ಸು ಕಲಿಯುವ ಪ್ರತಿಯೊಬ್ಬ ಹೊಸಬನೂ ಆ ಹೆಸರಿನ ಪಟ್ಟನ್ನು ಕಲಿಯುತ್ತಾನೆ, ಅದಕ್ಕೆ ಸಿಕ್ಕಿಬಿದ್ದಾಗ ಕೈ ತಟ್ಟುವುದನ್ನೂ ಕಲಿಯುತ್ತಾನೆ. ಮೀಸೆಗೆ ಮಣ್ಣಾಗಿದೆ ಎಂದು ಅಷ್ಟು ಸರಳವಾಗಿ ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ.