ಕೃಷಿ ಸಹಾಯಧನ: ರಾಮನಗರ ಜಿಲ್ಲೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಗೂ 1986ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸೇರಿದ್ದು, 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ರಾಗಿ, ರೇಷ್ಮೆ, ಹಾಲು, ತೆಂಗು ಮತ್ತು ಮಾವನ್ನು ನಂಬಿದ ಈ ಸೀಮೆಯಲ್ಲಿ ಸಹಾಯಧನ, ಅಂದರೆ ಬೇಸಾಯದ ಖರ್ಚಿನ ಒಂದು ಪಾಲಾಗಿ ಅಥವಾ ಉತ್ಪನ್ನದ ಬೆಲೆಯ ಜೊತೆಗೆ ಸರ್ಕಾರ ಕೊಡುವ ಹಣ, ಬೇರೆ ಬೇರೆ ದಾರಿಗಳಲ್ಲಿ ರೈತರನ್ನು ತಲುಪಿದೆ.

ಬಿತ್ತನೆ ಬೀಜ, ಗೊಬ್ಬರ ಹಾಗೂ ಪಂಪ್‌ಸೆಟ್ಟಿನ ವಿದ್ಯುತ್ತಿನ ರೂಪದ ನೆರವಿನಲ್ಲಿ ಹಣ ರೈತನ ಕೈಗೆ ಬರುತ್ತಿರಲಿಲ್ಲ. ರೇಷ್ಮೆಯ ನೆರವು ಇದಕ್ಕಿಂತ ಭಿನ್ನವಾದದ್ದು. ಉದ್ದ ಹಾಗೂ ಗಟ್ಟಿ ಎಳೆ ಕೊಡುವ ದ್ವಿತಳಿ ಹುಳುಗಳಿಗೆ ಶುಚಿಯಾದ, ಹದವಾದ ತಾಪ ಮತ್ತು ತೇವವಿರುವ ಪ್ರತ್ಯೇಕ ಮನೆ ಬೇಕಾದ್ದರಿಂದ, ರೇಷ್ಮೆ ಇಲಾಖೆಯು ಹುಳು ಸಾಕಣೆ ಮನೆಗೂ ಹಿಪ್ಪುನೇರಳೆ ತೋಟದ ಹನಿ ನೀರಾವರಿಗೂ ಸಹಾಯಧನವನ್ನು, ದ್ವಿತಳಿ ಗೂಡಿಗೆ ಪ್ರೋತ್ಸಾಹಧನವನ್ನು ನೀಡುತ್ತ ಬಂದಿದೆ. ಮನೆ ಕಟ್ಟಿದ ಮೇಲೆ ಹಣ ಮಂಜೂರಾಗುವುದರಿಂದ ಮೊದಲು ಸಾಲ ತರಬಲ್ಲವನಿಗೇ ಅದು ಸುಲಭವಾಗಿ ದಕ್ಕುತ್ತದೆ; ಈ ದೋಷ ಸಣ್ಣದಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿದಾಗ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. 2013ರಲ್ಲಿ ಸುಂಕ ಶೇ. 15ಕ್ಕೇರಿತಾದರೂ, ಬೆಳೆಗಾರನ ಬದುಕನ್ನು ನಿರ್ಧರಿಸುವುದರಲ್ಲಿ ಸಹಾಯಧನಕ್ಕಿಂತ ಸುಂಕದ ಪಾಲು ದೊಡ್ಡದೆಂಬುದು ಆ ಎರಡು ವರ್ಷಗಳಲ್ಲಿ ಸ್ಪಷ್ಟವಾಯಿತು.

ಹಾಲಿಗೆ 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಅದು 2013ರಲ್ಲಿ 4, 2016ರಲ್ಲಿ 5 ರೂಪಾಯಿಯಾಯಿತು. ಬೆಳಿಗ್ಗೆ ಮತ್ತು ಸಂಜೆ ಊರಿನ ಡೇರಿಗೆ ಹಾಕಿದ ಹಾಲನ್ನು ಅಳೆದು, ಕೊಬ್ಬಿನಂಶ ನೋಡಿ ಬರೆದುಕೊಂಡ ಲೆಕ್ಕವೇ ಇದಕ್ಕೆ ಆಧಾರ. ಜಮೀನಿನ ಪ್ರಶ್ನೆಯೇ ಇಲ್ಲದ ಕಾರಣ, ಒಂದೇ ಹಸು ಕಟ್ಟಿಕೊಂಡ ಭೂಹೀನ ಕುಟುಂಬಕ್ಕೂ ತಲುಪುವ ಈ ಹಣವನ್ನು ಇಲ್ಲಿನ ನೆರವುಗಳಲ್ಲೆಲ್ಲ ಹೆಚ್ಚು ನ್ಯಾಯವಾದದ್ದೆಂದು ಹೇಳಬಹುದು.

ರಾಗಿಗೆ ನೆರವು ಬೆಂಬಲ ಬೆಲೆಯ ರೂಪದಲ್ಲಿ ದೊರೆಯಿತು. ಕ್ವಿಂಟಲಿಗೆ 2017-18ರಲ್ಲಿ 1,900 ರೂಪಾಯಿ ಇದ್ದದ್ದು ಮರುವರ್ಷವೇ 2,897ಕ್ಕೆ, 2024-25ರಲ್ಲಿ 4,290ಕ್ಕೆ ಏರಿದ್ದರಿಂದ ಖರೀದಿ ಕೇಂದ್ರಗಳ ಮುಂದೆ ರಾಗಿ ಮೂಟೆಯ ಸಾಲು ಬೆಳೆಯಿತು.

2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಡಿ ಕೇಂದ್ರವು ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ರಾಜ್ಯ ಅದೇ ವರ್ಷ ಸೇರಿಸಿದ 4,000 ರೂಪಾಯಿ 2023ರಲ್ಲಿ ನಿಂತಿತು. ಪಹಣಿ, ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಜೋಡಿಸುವ ‘ಫ್ರೂಟ್ಸ್’ ನೋಂದಣಿಯ ಸಂಖ್ಯೆ, ಜನರ ಮಾತಿನಲ್ಲಿ ಎಫ್‌ಐಡಿ, ರಾಗಿ ಮಾರಾಟಕ್ಕೂ ಸಹಾಯಧನಕ್ಕೂ ಅಗತ್ಯವಾಯಿತು. ಮಧ್ಯವರ್ತಿಗಳ ಕೈವಾಡ ಕಡಿಮೆಯಾದದ್ದು ಇದರ ದೊಡ್ಡ ಲಾಭ. ಆದರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದ ಮನೆಗಳಿಗೂ, ಹೊಲ ಹಾಗೂ ಹುಳುಮನೆಯ ಕೆಲಸವನ್ನೆಲ್ಲ ಮಾಡಿಯೂ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರಿಗೂ ಈ ದಾರಿ ಮುಚ್ಚಿದೆ. ವಾರಕ್ಕೆ, ಅಂದರೆ ಮಾಲೀಕರಿಗೆ ಬೆಳೆಯ ಪಾಲು ಕೊಡುವ ಕರಾರಿನ ಮೇಲೆ, ಉಳುವವರ ಸ್ಥಿತಿ ಇನ್ನೂ ಕಠಿಣವಾದದ್ದು: 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ರದ್ದುಪಡಿಸಿದ್ದರಿಂದ ಅವರ ಉಳುಮೆ ಬಾಯಿಮಾತಿನ ಒಪ್ಪಂದವಾಗಿಯೇ ಉಳಿದಿದ್ದು, ಅವರು ದುಡಿಯುವ ಜಮೀನಿನ ಸಹಾಯಧನ ಮಾಲೀಕರ ಖಾತೆಗೆ ಜಮೆಯಾಗುತ್ತದೆ.